ಅರವಟ್ಟಿಗೆಯಲ್ಲಿ ಕೊಟ್ಟ ಓಲೆ

“ಬುದ್ಧಿ, ಎರಡು ಜೊತೆ ಬಟ್ಟೆ ಬಿಟ್ಟರೆ ನನ್ನದೆನ್ನುವುದು ಏನೂ ಇಲ್ಲ. ನನ್ನಿಂದ ಯಾರು ಏನು ಕದ್ದಾರು?” ಎಂದು ಮಠದ ಶಿಷ್ಯ ಚನ್ನಮಲ್ಲ ಗುರುಗಳನ್ನು ಕೇಳಿದ.

ಅವನಿಗೆ ಸಿಟ್ಟು ಬಂದಿತ್ತು. ಭಕ್ತರು ತಮ್ಮ ಮನೆಯ ಕಷ್ಟ ಬರೆದು ಮಠಕ್ಕೆ ಕಳಿಸುವ ಇ-ಮೇಲ್‌ಗಳನ್ನು ನೋಡಿಕೊಳ್ಳುವವನು ಅವನೇ. ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ಪುಕ್ಕಟೆ ವೈಫೈ ಸಿಕ್ಕಿತ್ತು. ಅದಕ್ಕೆ ನಿಲ್ದಾಣದ ಹೆಸರೇ ಇದ್ದುದರಿಂದ ಯಾರದೆಂದು ವಿಚಾರಿಸಲಿಲ್ಲ. ಒಳಗೆ ಸೇರಿಸಲು ಅದು ಇ-ಮೇಲ್‌ನ ಪಾಸ್‌ವರ್ಡ್ ಕೇಳಿತು, ಮಠದ್ದನ್ನೇ ಕೊಟ್ಟ. ಅದಕ್ಕೆ ಮಠದ ಹಿರಿಯರೊಬ್ಬರು ಎಲ್ಲರೆದುರು ಬೈದಿದ್ದರು.

ಗುರುಗಳು ನಕ್ಕರು. “ಮುಖ ಊದಿಸಿಕೊಳ್ಳಬೇಡ, ಕೂತುಕೋ,” ಎಂದು ಕತೆ ತೆಗೆದರು.

ಒಬ್ಬ ನಾಟಿ ವೈದ್ಯನಿದ್ದ. ಒಬ್ಬ ತಾಯಿ ಬಂದು, ಮಗಳಿಗೆ ಮೂರ್ಛೆ ಬರುತ್ತದೆಂದು ಅವನಿಗೆ ಗುಟ್ಟಾಗಿ ಹೇಳಿದಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ಬೇಕಾದ ಬೇರು ವೈದ್ಯನಲ್ಲಿರಲಿಲ್ಲ. ದೂರದ ಗೆಳೆಯನಿಗೆ ಓಲೆ ಕಳಿಸಬೇಕಿತ್ತು. ಅದಕ್ಕೆಂದು ಹೊರಟಾಗ ದಾರಿಯಲ್ಲೊಂದು ಅರವಟ್ಟಿಗೆ ಕಂಡಿತು. ಮಜ್ಜಿಗೆ ಪುಕ್ಕಟೆ, ಓಲೆ ಮುಟ್ಟಿಸುವುದೂ ಪುಕ್ಕಟೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತಾರಲ್ಲ, ಹಾಗಾಯಿತು. ಚಪ್ಪರದ ಮೇಲೆ ದೇವಸ್ಥಾನದ ಹೆಸರು ಬರೆದಿತ್ತು, ದೇವಸ್ಥಾನದ್ದೇ ಅಂದುಕೊಂಡ. ತನ್ನ ಹಣದ ಗಂಟನ್ನು ತೊಡೆಯಡಿ ಭದ್ರವಾಗಿ ಒತ್ತಿ ಕೂತು, ಹುಡುಗಿಯ ಹೆಸರು, ಊರು, ರೋಗ ಎಲ್ಲ ಬರೆದು, ಮುಚ್ಚದೆ ಅರವಟ್ಟಿಗೆಯವನ ಕೈಗೆ ಕೊಟ್ಟ.

ಓಲೆ ಮುಟ್ಟಿತು. ಬೇರೂ ಬಂತು. ಗಂಟಿಗೂ ಏನೂ ಆಗಲಿಲ್ಲ. ಆದರೆ ಅರವಟ್ಟಿಗೆಯವನು ಓದಿಕೊಂಡೇ ಕಳಿಸಿದ್ದ. ಓದಿದ್ದನ್ನು ಗಂಡಿನ ಮನೆಯವರಿಗೆ ಮಾರಿಕೊಂಡಿದ್ದ. ಮದುವೆ ಮುರಿಯಿತು.

ತಾಯಿ ವೈದ್ಯನ ಬಾಗಿಲಿಗೆ ಬಂದಳು. ಬೈಯಲಿಲ್ಲ. “ಹುಡುಗನಿಗೆ ನನ್ನ ಮಗಳೇ ಹೇಳುವವಳಿದ್ದಳು, ಸ್ವಾಮಿ. ನಿಮ್ಮನ್ನು ಬಿಟ್ಟರೆ ನಾನು ಗೋಡೆಗೂ ಹೇಳಿರಲಿಲ್ಲ,” ಎಂದಳು.

ವೈದ್ಯನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತನ್ನದೇನೂ ಹೋಗಿಲ್ಲವಲ್ಲ ಎಂಬುದೇ ಅವನನ್ನು ಹೆಚ್ಚು ಸುಟ್ಟಿತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚನ್ನಮಲ್ಲನ ಸಿಟ್ಟು ಇಳಿದುಹೋಗಿತ್ತು. ಗಂಡ ಹೊಡೆಯುತ್ತಾನೆಂದು ಬರೆದವಳು, ಮಗ ಜೈಲಿನಲ್ಲಿದ್ದಾನೆಂದು ಬರೆದ ಮೇಷ್ಟ್ರು, ಒಬ್ಬೊಬ್ಬರೇ ನೆನಪಾದರು. ಛೀ, ಎಂಥ ಕೆಲಸ ಮಾಡಿಬಿಟ್ಟೆ ಎಂದು ನಾಚಿಕೆಯಿಂದ ಕುಗ್ಗಿಹೋದ. ತಲೆ ಎತ್ತಲಾಗದೆ ನೆಲ ನೋಡುತ್ತಲೇ ಕೇಳಿದ:

“ಆಮೇಲೆ ಆ ವೈದ್ಯ ಏನು ಮಾಡಿದ, ಬುದ್ಧಿ?”

“ಅದನ್ನು ನಿನ್ನಿಂದ ಕೇಳೋಣ ಅಂತಲೇ ಕೂತಿದ್ದೇನೆ, ಮಗು.”