ಅನ್‌ಲಿಮಿಟೆಡ್ ಮಾತು

ಗದಗಿನ ದರ್ಜಿ ನೀಲವ್ವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಹಾಸ್ಟೆಲಿನಲ್ಲಿದ್ದ ಮಗಳೊಡನೆ ವಿಡಿಯೋದಲ್ಲೇ ಕೈಸನ್ನೆಯ ಮಾತು. ಡೇಟಾ ಮಾತ್ರ ದಿನಾ ಮಾತಿನ ನಡುವೆಯೇ ಮುಗಿಯುತ್ತಿತ್ತು.

ಮೊಬೈಲ್ ಕಂಪನಿಯ ಕಚೇರಿಗೆ ಹೋಗಿ, 'ಕರೆ ಬೇಡ, ಅದೇ ದುಡ್ಡಿಗೆ ಡೇಟಾ ಕೊಡಿ' ಎಂದು ಅರ್ಜಿ ಬರೆದುಕೊಟ್ಟಳು.

ಮ್ಯಾನೇಜರ್ ಸಾಹೇಬರು ಕುರ್ಚಿಗೆ ಒರಗಿಕೊಂಡೇ ಚೀಟಿ ಗೀಚಿದರು: 'ಅನ್‌ಲಿಮಿಟೆಡ್ ಮಾತು ಕೊಟ್ಟಿದ್ದೇವಲ್ಲಮ್ಮ! ಇನ್ನೇನು ಬೇಕು?'

ನೀಲವ್ವ ಪೆನ್ನು ಕೆಳಗಿಟ್ಟು ಕೈಸನ್ನೆಯಲ್ಲೇ ಶುರುಮಾಡಿದಳು ನೋಡಿ! ಹತ್ತು ನಿಮಿಷವಾದರೂ ನಿಲ್ಲಿಸಲಿಲ್ಲ. ಹಿಂದೆ ಸಾಲು ಬೆಳೆಯಿತು. ಸಾಹೇಬರು ಬೆವರುತ್ತ ಬರೆದರು: 'ನನಗೊಂದೂ ತಿಳಿಯುತ್ತಿಲ್ಲ ತಾಯೀ!'

'ಇದೂ ಅನ್‌ಲಿಮಿಟೆಡ್ಡೇ ಸಾಹೇಬ್ರ,' ಎಂದು ಅವಳು ಬರೆದಳು. 'ನೀವು ನನಗೆ ಮಾರಿದ್ದು ಇಂಥದ್ದನ್ನೇ.'

ಸಾಲಿನಲ್ಲಿದ್ದವರು ಇಣುಕಿ ಓದಿ ಗೊಳ್ಳೆಂದು ನಕ್ಕರು. ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಅರ್ಜಿಗೆ ಸೀಲು ಒತ್ತಿದರು. ಕೆಳಗೆ ಬರೆದರು: 'ತೀರ್ಮಾನವನ್ನು ಫೋನ್ ಮಾಡಿ ತಿಳಿಸಲಾಗುವುದು.'