ಒಂದೂ ಪಂದ್ಯ ಸೋಲದ ಕೋಚು

ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೊಸ ಮುಖ್ಯ ಕೋಚ್ ಬೇಕಾಗಿತ್ತು. ಇಷ್ಟು ವರ್ಷ ಹುಡುಗರನ್ನು ಪಳಗಿಸಿದ್ದ ಸಹಾಯಕ ವಿಲ್ಫ್ರೆಡ್ ಆಸೆಯಿಂದ ಬಾಗಿಲಾಚೆ ಕಾಯುತ್ತಿದ್ದ. ಒಳಗೆ ಆಯ್ಕೆ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ತಮ್ಮ ಬಾಮೈದನ ಬೆನ್ನು ತಟ್ಟಿದರು.

"ವಿಲ್ಫ್ರೆಡ್ ಎಷ್ಟೋ ಪಂದ್ಯ ಸೋತವನು. ನಮ್ಮ ಚಂದ್ರಹಾಸ ಹುಟ್ಟಿದಾಗಿನಿಂದ ಒಂದೂ ಸೋತಿಲ್ಲ. ಯಾರದಾದರೂ ತಕರಾರಿದೆಯೇ?"

ಸದಸ್ಯರೆಲ್ಲ ತಟ್ಟೆಯ ಬೋಂಡಾ ನೋಡುತ್ತ ಕುಳಿತರು. ಚಹಾ ತಂದ ಆಯಾ ಮಾತ್ರ ಬಾಯಿ ಬಿಟ್ಟಳು.

"ಸಾರ್, ಹಾಗಾದ್ರೆ ನಮ್ಮತ್ತೆ ಹೆಸರೂ ಬರ್ಕೊಳ್ಳಿ. ಅವರೂ ಒಂದೂ ಸೋತಿಲ್ಲ."

"ನಿನ್ನತ್ತೆ ಫುಟ್‌ಬಾಲ್ ಆಡಿದ್ದಾಳೇನೇ?"

"ಚೆಂಡು ಮುಟ್ಟಿದ್ರೆ ತಾನೇ ಸಾರ್ ಸೋಲೋದು?"

"ಆಟವನ್ನೇ ಆಡದವರು ಕೋಚ್ ಆಗೋಕಾಗುತ್ತೇನೇ?" ಅಧ್ಯಕ್ಷರು ಗುಡುಗಿದರು.

ಎಲ್ಲರ ಮುಖವೂ ಮೆಲ್ಲಗೆ ಬಾಮೈದನತ್ತ ತಿರುಗಿತು.

"ನಂಗೆ ಕೇರಂ ಬರುತ್ತೆ ಬಾವಾ," ಎಂದ ಅವನು.

ಅಧ್ಯಕ್ಷರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

"ಹೋಗಮ್ಮ, ಆ ಸೋತವನನ್ನೇ ಒಳಗೆ ಕರಿ."