ಪುಟ್ಟಮಾದಯ್ಯನವರ ಸ್ಪಷ್ಟನೆ

ಪಂಚಾಯಿತಿ ಚುನಾವಣೆಯಲ್ಲಿ ಗೆದ್ದ ಪುಟ್ಟಮಾದಯ್ಯ, ಸೋತವರು ಮರುಎಣಿಕೆ ಕೇಳಿದ್ದೇ ತಡ, 'ಊರುಕೇರಿ' ಪತ್ರಿಕೆಯ ಕಚೇರಿಗೆ ನುಗ್ಗಿದ.

"ತಕರಾರಿನ ಸುದ್ದಿ ಒಂದಕ್ಷರ ಬರಬಾರದು! ಮತಪೆಟ್ಟಿಗೆ ನನ್ನ ಭಾಮೈದನ ರೈಸ್‌ಮಿಲ್ಲಿಗೆ ಹೋಗಿತ್ತು ಅಂತ ಬರೆದರೆ ಬಾಗಿಲು ಹಾಕಿಸ್ತೀನಿ!"

ಮಿಲ್ಲಿನ ವಿಷಯ ಸಂಪಾದಕಿ ಕಮಲಾಕ್ಷಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯಿತು. ಇನ್ನು ಊರಿಗೆ ಹೇಳದೆ ಬಿಡುವವಳಲ್ಲ ಅವಳು.

"ಹಾಗಾದರೆ ನಿಮ್ಮ ಸ್ಪಷ್ಟನೆಯನ್ನೇ ಹಾಕ್ತೀವಿ ಸಾರ್, ಮುಖಪುಟದಲ್ಲಿ."

ಪುಟ್ಟಮಾದಯ್ಯ ಕರಗಿದ. "ಫೋಟೊ ದೊಡ್ಡದಿರಲಿ."

ಮರುದಿನ ದೊಡ್ಡ ಫೋಟೊದ ಮೇಲೆ ಇನ್ನೂ ದೊಡ್ಡ ಅಕ್ಷರ: 'ಮತಪೆಟ್ಟಿಗೆ ನನ್ನ ಭಾಮೈದನ ರೈಸ್‌ಮಿಲ್ಲಿಗೆ ಹೋಗಿರಲಿಲ್ಲ: ಪುಟ್ಟಮಾದಯ್ಯ'.

ಹೊತ್ತೇರುವುದರೊಳಗೆ ಊರಿಗೆ ಊರೇ ಮಿಲ್ಲಿನ ಮುಂದೆ ನೆರೆದಿತ್ತು.

"ಬರೀಬೇಡ ಅಂದಿದ್ದೆನಲ್ಲಮ್ಮ!" ಪುಟ್ಟಮಾದಯ್ಯ ಫೋನಿನಲ್ಲಿ ಕಿರುಚಿದ.

"ಅದನ್ನೂ ಹಾಕಿದ್ದೀವಿ ಸಾರ್," ಎಂದಳು ಕಮಲಾಕ್ಷಿ. "ಕೊನೇ ಸಾಲು ಓದಿ."